ಕಾಲೇಜ್ ಫುಟ್‌ಬಾಲ್ ಕೋಚ್ ವಾರವಾರ ಮಾಡುವ ಪ್ರೆಸ್ ಮೀಟ್‌ನಲ್ಲಿ ಅಂಥದ್ದೇನಿದೆ?

ಸರ್, ನಿಮ್ಮ ಮಗ ಅಮೆರಿಕದ ಕೊಲಂಬಸ್‌ನ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ, ಮಂಗಳವಾರ ಬಂತೆಂದರೆ ಕೋಚ್ ಪ್ರೆಸ್ ಮೀಟ್ ಇದೆ ಅಂತ ಫೋನ್ ಇಟ್ಟುಬಿಡುತ್ತಾನೆ, ನೀವೂ ಒಂದು ಸಲ ಯೂಟ್ಯೂಬ್‌ನಲ್ಲಿ ನೋಡಿದಿರಿ, ಆ ಮನುಷ್ಯ ಅರ್ಧ ಗಂಟೆ ಮಾತಾಡಿ ಏನೂ ಹೇಳಲಿಲ್ಲ ಅಂತ ಬರೆದಿದ್ದೀರಿ. ನಾನು ಇದೇ ಊರಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮಂಗಳವಾರ ಮಧ್ಯಾಹ್ನ ಆಫೀಸಿನಲ್ಲಿ ಊಟದ ಡಬ್ಬಿ ತೆರೆದು ಕೂತು ಇದನ್ನೇ ಕೇಳುತ್ತೇನೆ. ಏನೂ ಹೇಳಲ್ಲ ಅನ್ನೋದು ಬಹಳ ಮಟ್ಟಿಗೆ ನಿಜ. ಯಾಕೆ ಹೇಳಲ್ಲ ಅಂತ ಗೊತ್ತಾಗುವುದಕ್ಕೆ ನನಗೂ ಸುಮಾರು ವರ್ಷ ಬೇಕಾಯಿತು.

ಮೊದಲು ಒಂದೆರಡು ಹಿನ್ನೆಲೆ ಮಾತು. ಇದು ನಮ್ಮ ಕಡೆ ಕಾಲಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. ಓಹಾಯೋ ಸ್ಟೇಟ್ ಇರುವ ಗುಂಪಿಗೆ ಬಿಗ್ ಟೆನ್ ಕಾನ್ಫರೆನ್ಸ್ ಅಂತ ಹೆಸರು. ಹೆಸರಿಗೆ ಹತ್ತು, ಇರುವುದು 18 ಕಾಲೇಜು. 2024ರಲ್ಲಿ ಲಾಸ್ ಏಂಜಲೀಸ್‌ನ ಎರಡು ಯೂನಿವರ್ಸಿಟಿ, ಒರೆಗಾನ್ ಮತ್ತು ವಾಷಿಂಗ್ಟನ್ ಬಂದು ಸೇರಿದವು. ಒಂದು ಸೀಸನ್‌ಗೆ 12 ಮ್ಯಾಚ್, ಅದರಲ್ಲಿ 9 ಕಾನ್ಫರೆನ್ಸ್ ಒಳಗಿನವರ ಜೊತೆಗೇ. ಪಟ್ಟಿಯ ಮೊದಲ ಎರಡು ತಂಡಗಳು ಡಿಸೆಂಬರ್‌ನಲ್ಲಿ ಇಂಡಿಯಾನಾಪೊಲಿಸ್‌ಗೆ ಹೋಗಿ ಫೈನಲ್ ಆಡುತ್ತವೆ. ಐಪಿಎಲ್‌ನಲ್ಲಿ ಲೀಗ್ ಹಂತದಲ್ಲೇ 14 ಮ್ಯಾಚ್ ಇರುತ್ತವೆ, ನಾಲ್ಕು ಸೋತರೂ ನಡೆಯುತ್ತದೆ ಅಲ್ವಾ? ಇಲ್ಲಿ ಎರಡು ಸೋತರೆ ಲೆಕ್ಕಾಚಾರ ಶುರು. ಒಂದು ಸೋತರೂ ಸಾಕು, ಸೋಮವಾರ ಆಫೀಸಲ್ಲಿ ಯಾರ ಮುಖದಲ್ಲೂ ಕಳೆ ಇರುವುದಿಲ್ಲ. ಓಹಾಯೋ ಸ್ಟೇಟ್‌ನದು ಲಕ್ಷಕ್ಕೂ ಜಾಸ್ತಿ ಜನ ಕೂರುವ ಸ್ಟೇಡಿಯಂ, ಕೋಚ್‌ಗೆ ವರ್ಷಕ್ಕೆ ಒಂದು ಕೋಟಿ ಡಾಲರಿಗಿಂತ ಜಾಸ್ತಿ ಸಂಬಳ. ಪ್ರಾಕ್ಟೀಸ್ ನೋಡಲು ಪತ್ರಕರ್ತರಿಗೆ ಹೆಚ್ಚಾಗಿ ಬಿಡುವುದಿಲ್ಲ. ಹಾಗಾಗಿ ಶನಿವಾರದ ಮ್ಯಾಚ್‌ಗೆ ಮುಂಚೆ ಊರಿಗೆಲ್ಲ ಕಾಣಿಸುವುದು ಈ ಅರ್ಧ ಗಂಟೆ ಮಾತ್ರ.

ಈಗಿನ ಕೋಚ್ ರಯಾನ್ ಡೇ 2019ರಿಂದ ಇದ್ದಾರೆ. ಬಂದು ನಿಲ್ಲುತ್ತಾರೆ, ಮೊದಲು ಹೋದ ವಾರದ ಮ್ಯಾಚ್ ಬಗ್ಗೆ ನಾಲ್ಕು ಮಾತು, ಆಮೇಲೆ ಈ ವಾರದ ಎದುರಾಳಿಗೆ ಹೊಗಳಿಕೆ. ಎದುರಾಳಿ ಆರು ಮ್ಯಾಚ್‌ನಲ್ಲಿ ಐದು ಸೋತಿರಲಿ, ಚೆನ್ನಾಗಿ ತರಬೇತಿ ಪಡೆದ ತಂಡ, ಕೊನೇ ತನಕ ಹೋರಾಡುತ್ತಾರೆ, ಹಗುರವಾಗಿ ತಗೊಳ್ಳೋ ಹಾಗಿಲ್ಲ ಅನ್ನುತ್ತಾರೆ. ಮೊದಮೊದಲು ನನಗೂ ಇದು ಸುಮ್ನೆ ಬಾಯುಪಚಾರ ಅನ್ನಿಸುತ್ತಿತ್ತು. ಆದರೆ ಅಲ್ಲಿ ಒಂದು ಮಾತು ಜಾರಿದರೂ ಎದುರು ತಂಡದ ಕೋಚ್ ಅದನ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ತಮ್ಮ ಹುಡುಗರ ಲಾಕರ್ ರೂಮಿನ ಗೋಡೆಗೆ ಅಂಟಿಸುತ್ತಾನೆ. ಇಪ್ಪತ್ತರ ಹುಡುಗರಿಗೆ ರೊಚ್ಚೆಬ್ಬಿಸಲು ಅಷ್ಟು ಸಾಕು.

ಇನ್ನೊಂದು ವಿಷಯ, ಕೋಚ್ ಪತ್ರಕರ್ತರ ಮುಖ ನೋಡಿಕೊಂಡು ಮಾತಾಡಿದರೂ ಮಾತು ಎಷ್ಟೋ ಸಲ ಅವರಿಗಲ್ಲ. ಅಲಬಾಮಾ ಯೂನಿವರ್ಸಿಟಿಯ ಕೋಚ್ ಆಗಿದ್ದ ನಿಕ್ ಸೇಬನ್ ಇದರಲ್ಲಿ ಪಳಗಿದ ಕೈ. ಅವರದು ಬೇರೆ ಕಾನ್ಫರೆನ್ಸ್, ಎಸ್‌ಇಸಿ. ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದು 2024ರ ಜನವರಿಯಲ್ಲಿ ನಿವೃತ್ತರಾದರು. 2017ರ ಅಕ್ಟೋಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿರುದ್ಧ 27-19ರಲ್ಲಿ ಗೆದ್ದು ಬಂದವರು, ಗೆದ್ದ ಖುಷಿ ಬಿಟ್ಟು ಪತ್ರಕರ್ತರ ಮೇಲೆ ರೇಗಿದರು: ನೀವು ನಮ್ಮನ್ನ ಹೊಗಳಿ ಬರೆಯುವುದೆಲ್ಲ ವಿಷ, ಇಲಿ ಪಾಷಾಣ ಅಂತ. ಅದು ಬರೆದವರಿಗೆ ಬಿದ್ದ ಬೈಗುಳ ಅಂತ ಎಷ್ಟೋ ಜನ ತಿಳಿದರು. ನನ್ನ ಪ್ರಕಾರ ಅದು ಹಾಸ್ಟೆಲ್‌ನಲ್ಲಿ ಕೂತು ಫೋನ್‌ನಲ್ಲಿ ತಮ್ಮ ಬಗ್ಗೆ ತಾವೇ ಓದಿಕೊಳ್ಳುತ್ತಿದ್ದ ಅವರ ಹುಡುಗರಿಗೆ ಹೇಳಿದ ಬುದ್ಧಿಮಾತು.

ಗಾಯದ ಪ್ರಶ್ನೆ ಬಂದಾಗ ಮಾತ್ರ ಗಮನ ಇಟ್ಟು ಕೇಳಿ. ಇಂಥವನ ಮೊಣಕಾಲು ಹೇಗಿದೆ ಅಂದರೆ, ನೋಡೋಣ, ದಿನಾ ಸುಧಾರಿಸುತ್ತಿದ್ದಾನೆ ಅನ್ನುತ್ತಾರೆ. ಅದಕ್ಕಿಂತ ಮುಂದೆ ಒಂದಕ್ಷರ ಬರುವುದಿಲ್ಲ. 2018ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಆಟದ ಮೇಲಿನ ಬೆಟ್ಟಿಂಗ್‌ಗೆ ಅನುಮತಿ ಕೊಡುವುದನ್ನು ಆಯಾ ರಾಜ್ಯಗಳಿಗೇ ಬಿಟ್ಟ ಮೇಲೆ ರಾಜ್ಯ ರಾಜ್ಯಗಳಲ್ಲಿ ಬೆಟ್ಟಿಂಗ್ ಶುರುವಾಯಿತು, ಓಹಾಯೋದಲ್ಲಿ 2023ರ ಜನವರಿ 1ರಿಂದ. ಯಾರು ಆಡುತ್ತಾರೆ ಅನ್ನೋದು ಅಲ್ಲಿಂದ ದುಡ್ಡಿನ ಸುದ್ದಿಯಾಯಿತು. ಅದಕ್ಕೇ ಬಿಗ್ ಟೆನ್ 2023ರಲ್ಲಿ ಮ್ಯಾಚ್‌ಗೆ ಎರಡು ಗಂಟೆ ಮುಂಚೆ ಗಾಯಾಳುಗಳ ಪಟ್ಟಿ ಕೊಡಲೇಬೇಕು ಅಂತ ನಿಯಮ ಮಾಡಿತು. ಎಸ್‌ಇಸಿ 2024ರಿಂದ ಕಾನ್ಫರೆನ್ಸ್ ಮ್ಯಾಚ್‌ಗಳಿಗೆ ಮೂರು ದಿನ ಮುಂಚಿನಿಂದಲೇ ಪಟ್ಟಿ ಕೊಡಿಸುತ್ತದೆ. ಕಾಲೇಜ್ ಹುಡುಗ ಒಬ್ಬೊಬ್ಬನ ಆಟದ ಮೇಲೆ ಬೆಟ್ ಕಟ್ಟುವುದನ್ನು 2024ರಲ್ಲಿ ಓಹಾಯೋ ನಿಲ್ಲಿಸಿತು. ಒಳ್ಳೇದಾಯಿತು. ಕ್ಯಾಚ್ ಬಿಟ್ಟನೆಂದು ಗೊತ್ತಿಲ್ಲದವರು ಹುಡುಗನಿಗೆ ಬಯ್ದು ಮೆಸೇಜ್ ಹಾಕುವುದು ಯಾವ ನ್ಯಾಯ?

ಈಗ ನನಗೆ ತುಂಬಾ ತಟ್ಟಿದ ವಿಷಯ. ಹ್ಯಾರಿ ಮಿಲ್ಲರ್ ಅಂತ ಓಹಾಯೋ ಸ್ಟೇಟ್ ಆಟಗಾರ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದ. 2021ರ ಸೀಸನ್ ಶುರುವಾದಾಗ ಈ ವಾರ ಆಡುವುದಿಲ್ಲ ಅನ್ನುವ ಪಟ್ಟಿಯಲ್ಲಿ ಅವನ ಹೆಸರಿತ್ತು. ಯಾಕೆ ಅಂತ ತಂಡ ಹೇಳಲಿಲ್ಲ. ನಾವೆಲ್ಲ ಊಟದ ಮೇಜಿನಲ್ಲಿ ಕೂತು ಕಾಲು ನೋವಿರಬೇಕು, ಭುಜ ಇರಬೇಕು ಅಂತ ಮಾತಾಡಿಕೊಂಡೆವು. 2022ರ ಮಾರ್ಚ್‌ನಲ್ಲಿ ಅವನೇ ಆಟ ಬಿಡುತ್ತಿದ್ದೇನೆ ಅಂತ ಬರೆದ. ಜೀವ ಕಳೆದುಕೊಳ್ಳುವ ಯೋಚನೆ ಬಂದಿತ್ತು, ಕೋಚ್ ಡೇ ಹತ್ತಿರ ಹೋಗಿ ಹೇಳಿಕೊಂಡೆ, ಅವರು ನನ್ನನ್ನು ತಕ್ಷಣ ಡಾಕ್ಟರ್ ಹತ್ತಿರ ಸೇರಿಸಿದರು ಅಂತ ಎಲ್ಲವನ್ನೂ ಬಿಚ್ಚಿ ಹೇಳಿದ. ಡೇ ಅವರ ತಂದೆ, ಇವರಿನ್ನೂ ಚಿಕ್ಕ ಹುಡುಗನಾಗಿದ್ದಾಗ, ಹಾಗೇ ತೀರಿಹೋದವರು. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಅಷ್ಟೆಲ್ಲ ಗೊತ್ತಿದ್ದ ಮನುಷ್ಯ ಮೈಕ್ ಮುಂದೆ ಬಾಯಿ ಬಿಡಲಿಲ್ಲ ಸರ್. ಹೇಳಬೇಕಾದ್ದನ್ನು, ಹೇಳಬೇಕು ಅನ್ನಿಸಿದ ದಿನ, ಆ ಹುಡುಗನೇ ಹೇಳಿದ. ಅವತ್ತಿನಿಂದ ಕೋಚ್ ಉತ್ತರ ತಪ್ಪಿಸಿದರೆ ನನಗೆ ಸಿಟ್ಟು ಬರುವುದಿಲ್ಲ.

ಹಾಗಂತ ಎಲ್ಲಾ ಮೌನವೂ ಒಳ್ಳೇದಕ್ಕೇ ಅಂತ ನಾನು ಹೇಳುತ್ತಿಲ್ಲ. ತಮ್ಮ ತಪ್ಪು ಮುಚ್ಚಿಕೊಳ್ಳಲು ಸುತ್ತು ಬಳಸಿ ಮಾತಾಡುವ ಕೋಚ್‌ಗಳೂ ಇದ್ದಾರೆ. ಗುರುತಿಸುವುದು ಕಷ್ಟ ಏನಲ್ಲ. ಸೋತ ವಾರ ಯಾರ ಹೆಸರು ಹೇಳುತ್ತಾರೆ ನೋಡಿ. ಗೆದ್ದಾಗ ಹುಡುಗರ ಹೆಸರು, ಸೋತಾಗ ತನ್ನ ಹೆಸರು ಹೇಳುವವರು ನನಗೆ ಇಷ್ಟ.

ನವೆಂಬರ್ ಕೊನೆಯಲ್ಲಿ ನಮ್ಮ ಹಳೇ ವೈರಿ ಮಿಚಿಗನ್ ಯೂನಿವರ್ಸಿಟಿ ಜೊತೆಗಿನ ಮ್ಯಾಚ್ ವಾರ ಬರುತ್ತದಲ್ಲ, ಆಗ ತಪ್ಪದೆ ನೋಡಿ. ಕ್ಯಾಂಪಸ್ಸಿನ ಬೋರ್ಡುಗಳಲ್ಲಿರುವ ಎಂ ಅಕ್ಷರಗಳಿಗೆಲ್ಲ ಕೆಂಪು ಟೇಪ್ ಅಂಟಿಸಿರುತ್ತಾರೆ. ಆ ತಂಡದ ಹೆಸರನ್ನೂ ಹೇಳದೆ, ಉತ್ತರದ ಕಡೆಯ ತಂಡ ಅನ್ನುವುದು ಹಳೇ ಕೋಚ್ ವುಡಿ ಹೇಯ್ಸ್ ಕಾಲದಿಂದ ಬಂದದ್ದು. 2021ರಿಂದ 2024ರವರೆಗೆ ನಾಲ್ಕು ವರ್ಷ ಸತತವಾಗಿ ಮಿಚಿಗನ್ ಕೈಲಿ ಸೋತೆವು. ಆ ಮಂಗಳವಾರಗಳಲ್ಲಿ ಡೇ ಅವರ ಮುಖ ನೋಡಿದ್ದರೆ ನಿಮಗೆ ಮಾತೇ ಬೇಕಿರಲಿಲ್ಲ.

ಇಲ್ಲಿ ಮಧ್ಯಾಹ್ನ 12 ಅಂದರೆ ನಿಮಗೆ ರಾತ್ರಿ ಒಂಬತ್ತೂವರೆ. ನವೆಂಬರ್‌ನಲ್ಲಿ ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಹತ್ತೂವರೆ. ಊಟ ಮುಗಿಸಿ ನೀವೂ ಹಾಕಿಕೊಳ್ಳಿ, ಮುಗಿದ ಮೇಲೆ ಮಗನಿಗೆ ಫೋನ್ ಮಾಡಿ ಆ ಮೊಣಕಾಲಿನ ಹುಡುಗ ಶನಿವಾರ ಆಡುತ್ತಾನಾ ಅಂತ ಕೇಳಿ.