ನಗಿಸುವವರಿಗೆ ಯಾಕೆ ಹಿಂದಿನ ಬೆಂಚು?

ಪತ್ರ: ಕಳೆದ ಸಂಚಿಕೆಯಲ್ಲಿ ಹಾಸ್ಯ ಸಿನಿಮಾಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಮನಸ್ಸನ್ನು ಕಲಕುವ ಗಂಭೀರ ಚಿತ್ರಗಳಷ್ಟೇ ನನಗೆ ಸಿನಿಮಾ. ಕಾಮಿಡಿ ಬರೀ ಟೈಂಪಾಸ್. ಅದಕ್ಕೆ ಇಷ್ಟು ಜಾಗ ಬೇಕಿತ್ತೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಪತ್ರ ಖುಷಿ ಕೊಟ್ಟಿತು. ನಿಮ್ಮ ಕೈಬರಹವಂತೂ ಮುದ್ದಾಗಿದೆ. ಗಂಭೀರ ಚಿತ್ರಗಳ ಬಗ್ಗೆ ನನ್ನ ತಕರಾರಿಲ್ಲ. ‘ಘಟಶ್ರಾದ್ಧ’ ನೋಡಿದ ರಾತ್ರಿ ನನಗೂ ನಿದ್ದೆ ಹತ್ತಿರಲಿಲ್ಲ. ಆಯಿತು, ಇನ್ನು ಜಗಳಕ್ಕೆ ಬರೋಣ.

ಟೈಂಪಾಸ್ ಅಂದಿರಲ್ಲ, ಒಂದೇ ಒಂದು ನಗೆಯ ದೃಶ್ಯ ಬರೆಯಲು ಕೂತು ನೋಡಿ. ಅಳಿಸುವ ದೃಶ್ಯ ಸ್ವಲ್ಪ ಎಳೆದರೂ ನಡೆಯುತ್ತದೆ, ವಯಲಿನ್ ಬಂದು ಕಾಪಾಡುತ್ತದೆ. ಜೋಕು ಅರೆಕ್ಷಣ ತಡವಾದರೆ ಮುಗಿಯಿತು.

1990ರ ‘ಗಣೇಶನ ಮದುವೆ’ ತಗೊಳ್ಳಿ. ಫಣಿ ರಾಮಚಂದ್ರ ಅವರ ಚಿತ್ರ. ಅನಂತನಾಗ್, ವಿನಯಾ ಪ್ರಸಾದ್ ಒಂದೇ ವಠಾರದವರು. ಎದುರು ಸಿಕ್ಕರೆ ಜಗಳ. ಕಾಗದದಲ್ಲಿ ಮಾತ್ರ, ಬೇರೆ ಹೆಸರಿನಲ್ಲಿ, ಪ್ರೇಮ! ಇದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಥ್ರಿಲ್ಲರ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್, ಸಸ್ಪೆನ್ಸ್ ಅಂದರೇನು ಅಂತ ವಿವರಿಸುವಾಗ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಡುತ್ತಿದ್ದರು. ಬಾಂಬಿರುವುದು ಪ್ರೇಕ್ಷಕನಿಗೆ ಗೊತ್ತು, ಮೇಜಿಗೆ ಕೂತವರಿಗೆ ಗೊತ್ತಿಲ್ಲ. ಎರಡೂ ಒಂದೇ ಉಪಾಯ ಅಲ್ವಾ? ಅಲ್ಲಿ ಬೆವರುತ್ತೇವೆ, ಇಲ್ಲಿ ಹೊಟ್ಟೆ ಹಿಡಿದು ನಗುತ್ತೇವೆ. ಇನ್ನೊಂದು ಗಮನಿಸಿ. ಅನಂತನಾಗ್ ಅದರಲ್ಲಿ ‘ಈಗ ನಗಿ’ ಅನ್ನುವ ಮುಖ ಮಾಡುವುದೇ ಇಲ್ಲ. ಆ ಸಿಟ್ಟು ಅವರಿಗೆ ನಿಜವಾದ ಸಿಟ್ಟು. ಅದಕ್ಕೇ ನಮಗೆ ನಗು.

ಟೈಮಿಂಗ್ ಅಂದಾಗಲೆಲ್ಲ ನನಗೆ ನೆನಪಾಗುವುದು ಹಳೆಯ ಹಾಸ್ಯನಟ ಬಾಲಕೃಷ್ಣ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ಮಾತು ಎತ್ತಿಕೊಳ್ಳುತ್ತಿದ್ದರಂತೆ. ಆದರೂ ಎಷ್ಟೊಂದು ಚಿತ್ರಗಳಲ್ಲಿ ನರಸಿಂಹರಾಜು ಜೊತೆ ಸರಿಸಮ ನಿಂತರು. ಇದು ಟೈಂಪಾಸಾ ಸ್ವಾಮಿ?

ತಪ್ಪು ನಿಮ್ಮೊಬ್ಬರದಲ್ಲ ಬಿಡಿ. ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ. ಅದನ್ನು ಗೆದ್ದ ಕನ್ನಡ ಚಿತ್ರಗಳನ್ನು ನೋಡಿ. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಒಂದೊಂದೂ ದೊಡ್ಡ ಚಿತ್ರವೇ. ಆದರೆ ನಗಿಸುವ ಚಿತ್ರ ಒಂದೂ ಇಲ್ಲ. ಹಾಲಿವುಡ್ಡಿನವರೂ ಕಮ್ಮಿ ಏನಲ್ಲ. 1929ರಲ್ಲಿ ಮೊದಲ ಸಲ ಆಸ್ಕರ್ ಕೊಟ್ಟಾಗ ಹಾಸ್ಯ ಚಿತ್ರದ ನಿರ್ದೇಶಕನಿಗೇ ಬೇರೆ ಪ್ರಶಸ್ತಿ ಇತ್ತು. ಮುಂದಿನ ಸಲಕ್ಕೆ ಅದನ್ನು ಕಿತ್ತು ಹಾಕಿದರು!

ನಮ್ಮಲ್ಲಂತೂ ಕಾಮಿಡಿಯನ್ನು ಎಲೆಯ ತುದಿಯ ಉಪ್ಪಿನಕಾಯಿ ಮಾಡಿಬಿಟ್ಟಿದ್ದಾರೆ. ಹೀರೋ ಪಕ್ಕದಲ್ಲೊಬ್ಬ ಪೆಕರ. ದಪ್ಪಗಿದ್ದರೆ ಅದೇ ಜೋಕು, ಕುಳ್ಳಗಿದ್ದರೆ ಅದೇ ಜೋಕು. ಯಾರೂ ನಗದಿದ್ದರೆ ಹಿಂದಿನಿಂದ ‘ಟೊಂಯ್’ ಅಂತ ಒಂದು ಸದ್ದು. ಸಂಭಾಷಣೆ ಬರೆಯುವವನಿಗೆ ಕೊಡುವ ದುಡ್ಡನ್ನು ಆ ಸದ್ದಿನಲ್ಲಿ ಉಳಿಸುತ್ತಾರೋ ಏನೋ. ವಿಮರ್ಶಕರೂ ‘ಕಾಮಿಡಿ ಕಚಗುಳಿ ಇಡುತ್ತದೆ’ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ಹೇಗೆ ಕಚಗುಳಿ ಇಟ್ಟಿತು, ಯಾವ ಮಾತಿಗೆ, ಯಾಕೆ ಅಂತ ಕೇಳುವವರೇ ಇಲ್ಲ. ಅದನ್ನು ಕೇಳುವುದಕ್ಕೇ ನಮಗೆ ನಾಲ್ಕು ಪುಟ ಬೇಕಾಯಿತು. ಸಾಲಲಿಲ್ಲ ಕೂಡ.

ಮುಂದಿನ ಸಂಚಿಕೆಯಲ್ಲಿ ನರಸಿಂಹರಾಜು ಬಗ್ಗೆ ಆರು ಪುಟ ಬರುತ್ತಿದೆ. ಸಿಟ್ಟು ಬಂದರೆ ಮತ್ತೆ ಬರೆಯಿರಿ, ಅದೇ ಕೈಬರಹದಲ್ಲಿ.