ಬಾಸ್ಟನ್ನಿನ ಲ್ಯಾಬಿಗೆ ಬರಲಿರುವ ಇಂಜಿನಿಯರಿಗೆ ಒಂದು ಉತ್ತರ

ಹುಬ್ಬಳ್ಳಿಯಿಂದ ನೀವು ಕಳುಹಿಸಿದ ಪ್ರಶ್ನೆಗಳನ್ನು ಓದಿದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಮುಗಿಸಿ, ಕ್ಯಾನ್ಸರ್ ಕೋಶಗಳು ರಕ್ತನಾಳದ ಒಳಪದರಕ್ಕೆ ಹೇಗೆ ಅಂಟಿಕೊಳ್ಳುತ್ತವೆ ಎಂಬುದನ್ನು ಸಣ್ಣ ಕಾಲುವೆಗಳಲ್ಲಿ ದ್ರವ ಹರಿಸುವ ಮೈಕ್ರೋಫ್ಲೂಯಿಡಿಕ್ ಚಿಪ್‌ಗಳಲ್ಲಿ ಅಭ್ಯಾಸ ಮಾಡಲು ಪೋಸ್ಟ್‌ಡಾಕ್ ಆಗಿ ಬಾಸ್ಟನ್ನಿಗೆ ಬರುತ್ತಿದ್ದೀರಿ. ಜೀವಶಾಸ್ತ್ರ ಓದದ ನಿಮಗೆ ಕೆಲಸ ಕೈಹಿಡಿದೀತೇ, ಇಲ್ಲಿನ ದಿನಚರಿ ಹೇಗಿರುತ್ತದೆ, ಮನೆ ಎಲ್ಲಿ ಮಾಡಬೇಕು ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಇದೇ ಬಗೆಯ ಕೆಲಸದಲ್ಲಿ ಬಹಳ ವರ್ಷಗಳಿಂದ ಇರುವವಳಾಗಿ ಹೇಳುವುದಾದರೆ, ಈ ಮೂರನ್ನೂ ಬಹುಮಟ್ಟಿಗೆ ತೀರ್ಮಾನಿಸುವುದು ನೀವು ಸಾಕಲಿರುವ ಕೋಶಗಳೇ. (ಮೇಡಂ ಎಂದು ಬರೆದಿದ್ದೀರಿ, ಅಕ್ಕ ಎಂದರೆ ಸಾಕು.)

ನಿಮಗೆ ಸುಲಭವಾದ ಭಾಗದಿಂದ ಆರಂಭಿಸುತ್ತೇನೆ. ಸಿಲಿಕಾನ್ ಬಿಲ್ಲೆಯ ಮೇಲೆ ಎಸ್‌ಯು-8 ರೆಸಿನ್ನಿನ ಅಚ್ಚು ಮಾಡಿಸಿಕೊಂಡ ಮೇಲೆ, ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿಗೆ 10 ಪಾಲಿಗೆ 1 ಪಾಲಿನಂತೆ ಗಟ್ಟಿಕಾರಕ ಬೆರೆಸಿ ಸುರಿದು, ನಿರ್ವಾತದಲ್ಲಿಟ್ಟು ಗುಳ್ಳೆ ತೆಗೆದು, ಓವನ್ನಿನಲ್ಲಿ ಗಟ್ಟಿಯಾಗಿಸಿ, ಅಚ್ಚಿನಿಂದ ಬಿಡಿಸಿ, ಅಯಾನೀಕೃತ ಅನಿಲದ ಪ್ಲಾಸ್ಮಾ ತಾಗಿಸಿ ಗಾಜಿಗೆ ಕೂಡಿಸಿದರೆ ಚಿಪ್ ಸಿದ್ಧ. ಒಂದೇ ಅಚ್ಚಿನಿಂದ ಹತ್ತಾರು ಚಿಪ್ ತೆಗೆಯಬಹುದಾದ್ದರಿಂದ, ಕ್ಲೀನ್‌ರೂಮಿನಲ್ಲಿ ಕಳೆಯುವ ಸಮಯ ನೀವು ಅಂದುಕೊಂಡಿರುವುದಕ್ಕಿಂತ ಕಡಿಮೆಯೇ ಇರುತ್ತದೆ. ಲೆಕ್ಕವೂ ನಿಮಗೆ ಗೊತ್ತಿರುವುದೇ: 500 ಮೈಕ್ರಾನ್ ಅಗಲ, 100 ಮೈಕ್ರಾನ್ ಎತ್ತರದ ಕಾಲುವೆಯ ತಳದಲ್ಲಿ ಚದರ ಸೆಂಟಿಮೀಟರಿಗೆ 1 ಡೈನ್‌ನಷ್ಟು ಶಿಯರ್ ಒತ್ತಡ (ಹರಿವು ತಳವನ್ನು ಉಜ್ಜುವ ಬಲ) ಬೇಕಾದರೆ, 37 ಡಿಗ್ರಿಯ ಮೀಡಿಯಾವನ್ನು, ಅಂದರೆ ಕೋಶಗಳ ಪೋಷಕ ದ್ರವವನ್ನು, ಸಿರಿಂಜ್ ಪಂಪಿನಿಂದ ನಿಮಿಷಕ್ಕೆ ಸುಮಾರು 7 ಮೈಕ್ರೋಲೀಟರ್ ಹರಿಸಬೇಕು. ಎತ್ತರ ಅರ್ಧವಾದರೆ ಅದೇ ಹರಿವಿಗೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ವಿನ್ಯಾಸದಲ್ಲಿ ಬರೆದ ಎತ್ತರವನ್ನು ನಂಬದೆ ಅಚ್ಚನ್ನು ಅಳೆದೇ ಲೆಕ್ಕ ಹಾಕಿ.

ಕಷ್ಟ ಆರಂಭವಾಗುವುದು ಆ ಕಾಲುವೆಯ ತಳದಲ್ಲಿ ಕೋಶಗಳನ್ನು ಬೆಳೆಸಬೇಕಾದಾಗ. ಹೊಕ್ಕುಳಬಳ್ಳಿಯ ಅಭಿಧಮನಿಯಿಂದ ಬಿಡಿಸಿದ ಎಂಡೋಥೀಲಿಯಲ್ (ರಕ್ತನಾಳದ ಒಳಪದರದ) ಕೋಶಗಳನ್ನು ಫೈಬ್ರೊನೆಕ್ಟಿನ್ ಎಂಬ ಅಂಟು ಪ್ರೋಟೀನು ಲೇಪಿಸಿದ ಗಾಜಿನ ಮೇಲೆ ಬಿತ್ತಿ, ಎಲ್ಲಿಯೂ ಬಯಲು ಉಳಿಯದಂತೆ ಅವು ಒಂದೇ ಪದರವಾಗುವವರೆಗೆ ಕಾಯಬೇಕು. ಬಯಲು ಉಳಿದರೆ, ಹರಿದು ಬಂದ ಕ್ಯಾನ್ಸರ್ ಕೋಶ ಅಂಟಿದ್ದು ಇನ್ನೊಂದು ಕೋಶಕ್ಕೋ ಬರಿಯ ಲೇಪಕ್ಕೋ ಎಂದು ಹೇಳಲಾಗದು. ಪದರ ಸುಮ್ಮನೆ ಇರುವಾಗ ಹೆಚ್ಚೇನನ್ನೂ ಹಿಡಿಯುವುದಿಲ್ಲ. ಉರಿಯೂತದ ಸಂಕೇತವಾದ ಟಿಎನ್‌ಎಫ್-ಆಲ್ಫಾ ಎಂಬ ಪ್ರೋಟೀನು ಹಾಕಿ ಅದನ್ನು ಉರಿಯೂತದ ಸ್ಥಿತಿಗೆ ತಂದರೆ, 4 ರಿಂದ 6 ಗಂಟೆಗಳಲ್ಲಿ ಇ-ಸೆಲೆಕ್ಟಿನ್ ಎಂಬ ಪ್ರೋಟೀನು ಅದರ ಮೇಲ್ಮೈಯಲ್ಲಿ ಹೇರಳವಾಗಿ ಕಾಣಿಸಿಕೊಂಡು, ಮರುದಿನದ ಹೊತ್ತಿಗೆ ಬಹಳಷ್ಟು ಇಳಿದಿರುತ್ತದೆ. ಆ ಅವಧಿಯಲ್ಲಿ ಎಚ್‌ಟಿ-29 ಎಂಬ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಹರಿಯಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ: ಕಣ್ಣೆದುರೇ ಸರ್ರನೆ ಸಾಗುತ್ತಿದ್ದ ಕೋಶವೊಂದು ತಟ್ಟನೆ ನಿಧಾನಿಸಿ, ತಡವರಿಸುತ್ತ ತಳದ ಮೇಲೆ ಉರುಳಿ, ಒಮ್ಮೊಮ್ಮೆ ಬಿಡಿಸಿಕೊಂಡು ಹೊರಟುಹೋಗುತ್ತದೆ, ಒಮ್ಮೊಮ್ಮೆ ಅಲ್ಲಿಯೇ ನಿಂತುಬಿಡುತ್ತದೆ. ಅದರ ಮೈಮೇಲಿನ ಸಯಾಲಿಲ್ ಲೂಯಿಸ್ ಎಂಬ ಸಕ್ಕರೆಯ ಗುಂಪು ಸೆಲೆಕ್ಟಿನ್ನಿನೊಡನೆ ಬೆಸೆದ ಬಂಧ ಕ್ಷಣಾರ್ಧದಲ್ಲಿ ಕಳಚುತ್ತ, ಪಕ್ಕದಲ್ಲಿ ಹೊಸದೊಂದು ಕೂಡುತ್ತ ಹೋಗುವುದರಿಂದ ಈ ಉರುಳುವಿಕೆ ಸಾಧ್ಯವಾಗುತ್ತದೆ. ಬಿಳಿ ರಕ್ತಕಣಗಳ ದಾರಿಯೂ ಇದೇ. ಸೆಲೆಕ್ಟಿನ್ ಮೇಲೆ ಉರುಳುವುದು ಬೇರೆ, ಇಂಟೆಗ್ರಿನ್ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಗಟ್ಟಿಯಾಗಿ ನಿಲ್ಲುವುದು ಬೇರೆ, ಮೊದಲನೆಯದಿಲ್ಲದೆ ಎರಡನೆಯದಿಲ್ಲ ಎಂಬುದನ್ನು ಲಾರೆನ್ಸ್ ಮತ್ತು ಸ್ಪ್ರಿಂಗರ್ ಎಂಬ ಸಂಶೋಧಕರು 1991ರಲ್ಲಿ ಹರಿವಿನ ಪ್ರಯೋಗಗಳಿಂದ ತೋರಿಸಿದರು. ಕ್ಯಾನ್ಸರ್ ಕೋಶಗಳು ಆ ದಾರಿಯನ್ನು ಎಷ್ಟರ ಮಟ್ಟಿಗೆ ಬಳಸಿಕೊಳ್ಳುತ್ತವೆ ಎಂಬುದೇ ನಿಮ್ಮ ಪ್ರಶ್ನೆಯಾಗಲಿದೆ.

ಇಲ್ಲಿ ಇಂಜಿನಿಯರುಗಳು ಎಡವುವ ಒಂದು ಜಾಗವಿದೆ. ದೇಹದ ಲೋಮನಾಳಗಳ ಒಳವ್ಯಾಸ 5 ರಿಂದ 10 ಮೈಕ್ರಾನ್ ಇದ್ದರೆ, ಅನೇಕ ಕ್ಯಾನ್ಸರ್ ಕೋಶಗಳು ಅದಕ್ಕಿಂತ ದೊಡ್ಡವು. ಅಂಥ ಇಕ್ಕಟ್ಟಿನಲ್ಲಿ ಕೋಶ ನಿಂತರೆ ಅದು ಸಿಕ್ಕಿಬಿದ್ದದ್ದೇ ಹೊರತು ಅಂಟಿದ್ದೆಂದು ಹೇಳಲು ಬರುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡಬಹುದೆಂಬುದೇ ಚಿಪ್‌ನ ದೊಡ್ಡ ಅನುಕೂಲ, ಏಕೆಂದರೆ ಕಾಲುವೆಯ ಅಳತೆ ನಮ್ಮ ಕೈಯಲ್ಲಿರುತ್ತದೆ. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿದ ಇಂಗ್ಲಿಷ್ ಸರ್ಜನ್ ಸ್ಟೀಫನ್ ಪ್ಯಾಜೆಟ್, ರೋಗ ಕೆಲವೇ ಅಂಗಗಳಿಗೆ ಹೆಚ್ಚಾಗಿ ಹರಡುವುದು ಆಕಸ್ಮಿಕವಲ್ಲ ಎಂದು 1889ರಲ್ಲಿಯೇ ವಾದಿಸಿದ್ದರು. ಆ ವಾದದಲ್ಲಿ ಅಂಟುವಿಕೆಯ ಪಾಲೆಷ್ಟು, ಸಿಕ್ಕಿಬೀಳುವಿಕೆಯ ಪಾಲೆಷ್ಟು ಎಂದು ಅಳೆಯುವ ಸಾಧನ ಆಗ ಇರಲಿಲ್ಲ. ಆದುದರಿಂದ ಇ-ಸೆಲೆಕ್ಟಿನ್ನನ್ನು ಮುಚ್ಚುವ ಆಂಟಿಬಾಡಿಯೊಂದಿಗೆ ಒಂದು ಕಾಲುವೆ, ಸಂಬಂಧವಿಲ್ಲದ ಆಂಟಿಬಾಡಿಯೊಂದಿಗೆ ಇನ್ನೊಂದು, ಟಿಎನ್‌ಎಫ್ ಹಾಕದ ಮತ್ತೊಂದು, ಇಷ್ಟಿಲ್ಲದೆ ಯಾವ ವಿಡಿಯೋವನ್ನೂ ಲ್ಯಾಬ್ ಮೀಟಿಂಗಿನಲ್ಲಿ ತೋರಿಸಬೇಡಿ. ನನ್ನ ಅಭಿಪ್ರಾಯದಲ್ಲಿ, ಈ ಕ್ಷೇತ್ರದಲ್ಲಿ ಅಂದವಾದ ಚಿಪ್‌ಗಳು ಬೇಕಾದಷ್ಟಿವೆ. ಕೊರತೆ ಇರುವುದು ಇಂಥ ಹೋಲಿಕೆಗಳಿಗೆ, ಅಂದರೆ ಕಂಟ್ರೋಲ್‌ಗಳಿಗೆ.

ಇನ್ನು ದಿನಚರಿ. ಎಂಡೋಥೀಲಿಯಲ್ ಕೋಶಗಳಿಗೆ ದಿನ ಬಿಟ್ಟು ದಿನ ಮೀಡಿಯಾ ಬದಲಾಯಿಸಬೇಕು. ಅವುಗಳಿಗೆ ಶನಿವಾರ, ಭಾನುವಾರ, ಥ್ಯಾಂಕ್ಸ್‌ಗಿವಿಂಗ್ ಯಾವುದೂ ಇಲ್ಲ. ನಾಲ್ಕಾರು ಬಾರಿ ಹೊಸ ತಟ್ಟೆಗೆ ವರ್ಗಾಯಿಸಿದ ಮೇಲೆ ಅವು ಸತ್ವ ಕಳೆದುಕೊಳ್ಳುವುದರಿಂದ ಹಳೆಯವನ್ನು ಎಳೆದಾಡಿಕೊಂಡು ಹೋಗುವಂತಿಲ್ಲ. ಪ್ರಯೋಗದ ದಿನ ಬೆಳಿಗ್ಗೆ 9ಕ್ಕೆ ಟಿಎನ್‌ಎಫ್ ಹಾಕಿದರೆ ಮಧ್ಯಾಹ್ನ 1ರ ಹೊತ್ತಿಗೆ ಪಂಪ್ ಶುರುವಾಗಬೇಕು, ಮೈಕ್ರೋಸ್ಕೋಪನ್ನು ಅದಕ್ಕೆ ಸರಿಯಾಗಿ ಮೊದಲೇ ಕಾದಿರಿಸಿರಬೇಕು. ನಡುವೆ ಸಿಗುವ ಬಿಡುವಿನ ಹೊತ್ತಿಗೆ ಊರಿನಲ್ಲಿ ಸಂಜೆಯಾಗಿರುತ್ತದೆ: ಬೇಸಿಗೆಯಲ್ಲಿ ಇಲ್ಲಿ 9 ಎಂದರೆ ಅಲ್ಲಿ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅಮ್ಮನಿಗೆ ಫೋನ್ ಮಾಡಲು ಅದಕ್ಕಿಂತ ಒಳ್ಳೆಯ ಸಮಯ ವಾರವಿಡೀ ಸಿಗುವುದಿಲ್ಲ.

ಚಳಿಗಾಲದ ಬಗ್ಗೆ ಎಲ್ಲರೂ ಹಿಮದ ಮಾತನ್ನೇ ಹೇಳುತ್ತಾರೆ. ಲ್ಯಾಬಿನಲ್ಲಿ ಕಾಡುವುದು ಒಣ ಹವೆ. ಹೀಟರಿನಿಂದ ಒಣಗಿದ ಗಾಳಿಯಲ್ಲಿ ಪಿಡಿಎಂಎಸ್ ತುಂಡು ಸ್ಥಾಯೀ ವಿದ್ಯುತ್ತಿನಿಂದ ಸ್ವೆಟರಿನ ಎಳೆಯನ್ನೂ ಧೂಳನ್ನೂ ಸೆಳೆದುಕೊಳ್ಳುತ್ತದೆ. ಗಾಜಿಗೆ ಕೂಡಿಸುವ ಮುನ್ನ ಸ್ಕಾಚ್ ಟೇಪ್ ಅಂಟಿಸಿ ಕೀಳದಿದ್ದರೆ, ಆ ಒಂದು ಎಳೆಯ ಗುಂಟ ದ್ರವ ಸೋರುತ್ತದೆ. ಚಿಪ್‌ನ ಬಾಯಲ್ಲಿ ಇಟ್ಟ ಮೀಡಿಯಾದ ಹನಿಯೂ ಬೇಗ ಆರುತ್ತದೆ, ಉಳಿದದ್ದು ಉಪ್ಪಾಗಿ ಕೋಶಗಳನ್ನು ಕೊಲ್ಲುತ್ತದೆ. ಒದ್ದೆ ಟಿಶ್ಯೂ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಚಿಪ್ ಇಡುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ.

ಮನೆಯ ವಿಚಾರದಲ್ಲಿ ನನ್ನ ಮಾತು ನಿಮಗೆ ರುಚಿಸದಿರಬಹುದು. ಕನ್ನಡದ ಕುಟುಂಬಗಳೂ ದಿನಸಿ ಅಂಗಡಿಗಳೂ ಹೆಚ್ಚಾಗಿರುವುದು ಶ್ರೂಸ್‌ಬರಿ, ವೆಸ್ಟ್‌ಬರೋದಂಥ ಪಶ್ಚಿಮದ ಊರುಗಳಲ್ಲಿ. ಮಕ್ಕಳಿರುವವರಿಗೆ ಅದು ಒಳ್ಳೆಯದೇ. ಆದರೆ ಭಾನುವಾರ ಇಪ್ಪತ್ತು ನಿಮಿಷದ ಮೀಡಿಯಾ ಬದಲಾವಣೆಗೆಂದು ಅಷ್ಟು ದೂರದಿಂದ ಕಾರಿನಲ್ಲಿ ಬರುವ ಬದುಕು ಮೊದಲ ವರ್ಷಕ್ಕೆ ತಕ್ಕುದಲ್ಲ. ನಿಮ್ಮ ಲ್ಯಾಬ್ ಕೆಂಡಲ್ ಬಳಿ ಇರುವುದಾಗಿ ಬರೆದಿರುವುದರಿಂದ ಕೆಂಪು ಮಾರ್ಗದ ರೈಲಿನ ಗುಂಟ, ಬಾಡಿಗೆ ತುಸು ಕಡಿಮೆ ಬೇಕೆಂದರೆ ಕ್ವಿನ್ಸಿಯ ಕಡೆ, ಹುಡುಕಿ. ಇಲ್ಲಿನ ಬಾಡಿಗೆ ಕರಾರುಗಳಲ್ಲಿ ಬಹುಪಾಲು ಸೆಪ್ಟೆಂಬರ್ 1ಕ್ಕೆ ಆರಂಭವಾಗುತ್ತವೆ, ಹಾಗಾಗಿ ಆ ದಿನದ ಆಸುಪಾಸಿನಲ್ಲಿ ಬಂದಿಳಿಯುವುದಾದರೆ ಮನೆಯನ್ನು ತಿಂಗಳುಗಳ ಮೊದಲೇ ಗೊತ್ತುಮಾಡಿಕೊಳ್ಳಿ.

ಹೊರಡುವ ಮುನ್ನ ಎರಡು ಕೆಲಸ ಮಾಡಿ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಪರಿಚಯದ ಲ್ಯಾಬೊಂದರಲ್ಲಿ ಕೆಲವು ವಾರ ಕುಳಿತು, ಹೆಪ್ಪುಗಟ್ಟಿಸಿಟ್ಟ ಕೋಶಗಳನ್ನು ಎಬ್ಬಿಸಿ ವರ್ಗಾಯಿಸುವುದನ್ನು ಕೈಯಾರೆ ಕಲಿಯಿರಿ. ಮನುಷ್ಯರ ಕೋಶಗಳೊಡನೆ ಕೆಲಸ ಮಾಡುವವರಿಗೆ ಇಲ್ಲಿ ಹೆಪಟೈಟಿಸ್-ಬಿ ಲಸಿಕೆಯನ್ನು ಕೊಡುತ್ತಾರೆ. ಈಗಾಗಲೇ ಹಾಕಿಸಿಕೊಂಡಿದ್ದರೆ ಅದರ ದಾಖಲೆಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡು ಬನ್ನಿ.