ನಸುಕಿನಲ್ಲೇ ಏಳುವುದು ವಂಶದಿಂದ ಬರುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯೂ ಸೋದರತ್ತೆಯೂ ರಾತ್ರಿ ಎಂಟಕ್ಕೆ ಮಲಗಿ ನಸುಕಿನ ನಾಲ್ಕಕ್ಕೆ ಎದ್ದುಬಿಡುತ್ತಾರೆ. ಐವತ್ತು ದಾಟಿದ ಮೇಲೆ ನನಗೂ ಹಾಗೆಯೇ ಆಗುತ್ತಿದೆ. ಇದು ವಯಸ್ಸಿನ ಪರಿಣಾಮವೇ, ಜೀನ್‌ಗಳದ್ದೇ?

ಉತ್ತರ: ಎರಡೂ ಸಾಧ್ಯ. ಸಸ್ತನಿಗಳ ದೈನಿಕ ಲಯದ, ಅಂದರೆ ನಿದ್ದೆ ಎಚ್ಚರಗಳನ್ನು ನಡೆಸುವ ದೇಹದೊಳಗಿನ ಗಡಿಯಾರದ, ಅವಧಿಯನ್ನು ಒಂದೇ ಒಂದು ಜೀನ್‌ನ ರೂಪಾಂತರ ಬದಲಿಸಬಲ್ಲದೆಂಬುದಕ್ಕೆ ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು ಇಲಿಯಂಥ ಹ್ಯಾಮ್‌ಸ್ಟರ್‌ಗಳಲ್ಲಿ, ಅದೂ ಆಕಸ್ಮಿಕವಾಗಿ. ಪ್ರಯೋಗಾಲಯಕ್ಕೆ ತರಿಸಿದ್ದ ಪ್ರಾಣಿಗಳ ಪೈಕಿ ಒಂದು, ಸದಾ ಕತ್ತಲಿನಲ್ಲಿದ್ದಾಗ, ಸುಮಾರು 22 ಗಂಟೆಗೊಮ್ಮೆ ಓಡಾಟ ಆರಂಭಿಸುತ್ತಿದ್ದುದನ್ನು ವಿಜ್ಞಾನಿಗಳಾದ ಮಾರ್ಟಿನ್ ರಾಲ್ಫ್ ಮತ್ತು ಮೈಕೆಲ್ ಮೆನಾಕರ್ 1988ರಲ್ಲಿ ವರದಿ ಮಾಡಿದರು. ಅದರ ಸಂತತಿಯಲ್ಲಿ, ತಂದೆ ತಾಯಿ ಇಬ್ಬರಿಂದಲೂ ಈ ರೂಪಾಂತರವನ್ನು ಪಡೆದ ಮರಿಗಳ ಅವಧಿ 20 ಗಂಟೆಗೆ ಇಳಿದಿತ್ತು. ಇನ್ನೂ ಸ್ವಾರಸ್ಯಕರವಾದದ್ದು 1990ರ ಪ್ರಯೋಗ: ಮಿದುಳಿನ ಹೈಪೋಥಲಾಮಸ್‌ನಲ್ಲಿರುವ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗವನ್ನು ಕಳೆದುಕೊಂಡು ಲಯವೇ ಇಲ್ಲದಾಗಿದ್ದ ಪ್ರಾಣಿಗೆ ಬೇರೊಂದರಿಂದ ಅದೇ ಅಂಗಾಂಶವನ್ನು ಕಸಿ ಮಾಡಿದಾಗ ಲಯ ಮರಳಿತು, ಆದರೆ ಅದರ ಅವಧಿ ದಾನಿಯದಾಗಿತ್ತು.

ಆ ರೂಪಾಂತರ ಇದ್ದದ್ದು ಕೇಸೀನ್ ಕೈನೇಸ್ 1 ಎಪ್ಸಿಲಾನ್ ಎಂಬ ಕಿಣ್ವದ ಜೀನ್‌ನಲ್ಲಿ ಎಂದು 2000ರಲ್ಲಿ ತಿಳಿಯಿತು. ಈ ಲಯ ನಡೆಯುವುದು ಹೀಗೆ: ಜೀವಕೋಶದಲ್ಲಿ ಕ್ಲಾಕ್ ಮತ್ತು ಬಿಮಾಲ್1 ಪ್ರೋಟೀನ್‌ಗಳು ಜೊತೆಗೂಡಿ ಪರ್ ಮತ್ತು ಕ್ರೈ ಜೀನ್‌ಗಳಿಗೆ ಚಾಲನೆ ಕೊಡುತ್ತವೆ. ಹೀಗೆ ತಯಾರಾದ ಪರ್ ಮತ್ತು ಕ್ರೈ ಪ್ರೋಟೀನ್‌ಗಳು ಕೋಶಕೇಂದ್ರಕ್ಕೆ ಮರಳಿ ಆ ಚಾಲನೆಯನ್ನೇ ತಡೆಯುತ್ತವೆ, ಮತ್ತು ಅವು ನಶಿಸಿದ ಮೇಲಷ್ಟೇ ಮುಂದಿನ ಸುತ್ತು ಆರಂಭವಾಗುತ್ತದೆ. ಪರ್ ಪ್ರೋಟೀನ್ ಎಷ್ಟು ಬೇಗ ನಶಿಸಬೇಕೆಂಬುದರಲ್ಲಿ ಈ ಕಿಣ್ವದ ಪಾತ್ರ ದೊಡ್ಡದು; ಅದು ಬೇಗ ನಶಿಸಿದರೆ ಸುತ್ತೂ ಬೇಗ ಮುಗಿದು ನಿದ್ದೆ ಎಚ್ಚರಗಳ ವೇಳೆ ಬೇಗ ಬರುತ್ತದೆ.

ಮನುಷ್ಯರ ವಿಷಯಕ್ಕೆ ಬಂದರೆ, ಸಂಜೆ ಏಳೂವರೆಯ ಹೊತ್ತಿಗೆ ನಿದ್ದೆಗೆ ಜಾರಿ ನಸುಕಿನ ನಾಲ್ಕೂವರೆಗೆ ಏಳುತ್ತಿದ್ದ ಅಮೆರಿಕದ ಒಂದು ಕುಟುಂಬದವರಲ್ಲಿ, ಪರ್ ಜೀನ್‌ಗಳಲ್ಲೊಂದಾದ ಪರ್2ರ ರೂಪಾಂತರ 2001ರಲ್ಲಿ ಪತ್ತೆಯಾಯಿತು. ಅದರ ಪ್ರೋಟೀನ್‌ನಲ್ಲಿ ಬದಲಾಗಿದ್ದ ಅಮೈನೋ ಆಮ್ಲ (ಪ್ರೋಟೀನ್‌ನ ಘಟಕ) ಇದ್ದದ್ದು ಅದೇ ಬಗೆಯ ಕೈನೇಸ್ ಕಿಣ್ವ ಬಂದು ಕೂಡುವ ಭಾಗದಲ್ಲಿ. ಇದು ಪ್ರಬಲ ಗುಣವಾದುದರಿಂದ ತಂದೆ ಅಥವಾ ತಾಯಿಯಿಂದ ಒಂದು ಪ್ರತಿ ಬಂದರೂ ಸಾಕು, ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಹಾಗಿದ್ದರೂ ನಿಮ್ಮ ವಿಷಯದಲ್ಲಿ ನನ್ನ ಒಲವು ವಯಸ್ಸಿನ ಕಡೆಗೇ ಇದೆ, ಏಕೆಂದರೆ ವಯಸ್ಸಾದಂತೆ ನಿದ್ದೆಯ ವೇಳೆ ಹಿಂದಕ್ಕೆ ಸರಿಯುವುದು ಸಾಮಾನ್ಯ, ಆದರೆ ವಂಶದಿಂದ ಬಂದ ಲಯ ಹೆಚ್ಚಾಗಿ ಯೌವನದೊಳಗೇ ಕಾಣಿಸಿಕೊಳ್ಳುತ್ತದೆ. ತಂದೆಯವರಿಗೂ ಅತ್ತೆಯವರಿಗೂ ಇಪ್ಪತ್ತರ ಪ್ರಾಯದಲ್ಲೇ, ರಜೆಯ ದಿನಗಳಲ್ಲಿಯೂ ಹೀಗಿತ್ತೇ ಎಂದು ವಿಚಾರಿಸಿ. ಹೌದಾದರೆ ಮತ್ತು ಇದರಿಂದ ನಿಮಗೆ ತೊಂದರೆಯಾಗುತ್ತಿದ್ದರೆ ನಿದ್ರಾತಜ್ಞರನ್ನು ಕಾಣಬಹುದು. ಸಂಜೆ ಪ್ರಖರ ಬೆಳಕಿಗೆ ಮೈಯೊಡ್ಡಿ ಲಯವನ್ನು ತಡವಾಗಿಸುವ ಚಿಕಿತ್ಸೆ ರೂಢಿಯಲ್ಲಿದೆ.